ಫಿಂಟಾಸಿನ ಹಿಂದಿನ ಕೋಣೆ

ಜ್ಯೋತಿಯ ಅಪ್ಪನಿಗೆ,

ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ಬೆಳಿಗ್ಗೆ ನೀವು ಮೊದಲು ಮಾಡಿದ್ದು ಬಾತ್‌ಟಬ್ಬಿಗೆ ನೀರು ತುಂಬಿಸಿದ್ದು. ನಾನು ಅಳುತ್ತಾ ರೇಡಿಯೋ ತಿರುಗಿಸುತ್ತಿದ್ದೆ. "ಕಿಟಕಿ ಹತ್ತಿರ ನಿಲ್ಲಬೇಡ ಮಾರಾಯ್ತಿ," ಎಂದಿರಿ. ಎಪ್ಪತ್ತೊಂದರ ಯುದ್ಧ ಕಂಡ ಮಿಲಿಟರಿಯವರು ನೀವು. ಪೆನ್ಷನ್ ಆದಮೇಲೆ ಕುವೈತಿನ ಫಿಂಟಾಸಿಗೆ ಬಂದು ದೊಡ್ಡ ಮನೆಯವರ ಮುಖಚಿತ್ರ ಬರೆಯುತ್ತಿದ್ದಿರಿ. ಬಂದೂಕಿನ ಸಹವಾಸ ಮುಗಿಯಿತು ಅನ್ನುತ್ತಿದ್ದಿರಲ್ಲ, ಯುದ್ಧ ಮತ್ತೆ ಬಾಗಿಲಿಗೇ ಬಂದಾಗ ನಿಮಗೆ ಏನನ್ನಿಸಿತ್ತು? ನಾನು ಕೇಳಲೇ ಇಲ್ಲ.

ಸೌದಿಗೆ ಹೊರಟಿದ್ದ ನಮ್ಮ ಮನೆಯೊಡತಿ ತನ್ನ ಮಗ ಯೂಸುಫನನ್ನು ನಮ್ಮಲ್ಲಿ ಬಚ್ಚಿಡಲು ಕರಕೊಂಡು ಬಂದ ಸಂಜೆ ನೆನಪಿದೆಯೇ? ಅವನು ಕುವೈತ್ ಸೇನೆಯವನು. ಅಂಥವರನ್ನು ಇರಾಕಿನವರು ಹುಡುಕಿ ಹುಡುಕಿ ಒಯ್ಯುತ್ತಿದ್ದರು. ಗಡಿಯಲ್ಲಿ ಸಿಕ್ಕಿಬಿದ್ದರೆ ಮುಗಿಯಿತು. ನೀವು ನನ್ನ ಮುಖ ನೋಡಿದಿರಿ. ನಾನು ಹಿಂದಿನ ಕೋಣೆಯ ಕ್ಯಾನ್ವಾಸುಗಳನ್ನು ಸರಿಸಿ ಚಾಪೆ ಹಾಸಿದೆ. ಅಂದಿನಿಂದ ಮೂವರೂ ಪಿಸುಮಾತಿನಲ್ಲೇ ಬದುಕಿದೆವು. ಬಾಲ್ಕನಿಯ ಬಾಗಿಲು ತೆರೆಯಲಿಲ್ಲ. ಕುಕ್ಕರ್ ಸೀಟಿ ಹಾಕೀತೆಂದು ಅನ್ನವನ್ನು ಪಾತ್ರೆಯಲ್ಲೇ ಬೇಯಿಸಿದೆ.

ಆಮೇಲೆ ಆ ಇರಾಕಿ ಕ್ಯಾಪ್ಟನ್. ಮನೆ ತಪಾಸಣೆಗೆ ಬಂದವನು ಹಾಲ್‌ನ ಗೋಡೆಯ ಚಿತ್ರಗಳನ್ನು ನೋಡುತ್ತಾ ನಿಂತುಬಿಟ್ಟ, ಹಿಂದಿನ ಕೋಣೆಯ ತನಕ ಹೋಗಲಿಲ್ಲ. ತನ್ನ ಚಿತ್ರ ಬರೆದುಕೊಟ್ಟರೆ ನಮ್ಮಿಬ್ಬರಿಗೂ ಗಡಿ ದಾಟುವ ಪಾಸ್ ಕೊಡುತ್ತೇನೆಂದ. ಆಗುವುದಿಲ್ಲ ಎನ್ನುವ ಹಾಗಿತ್ತೇ? ಮಧ್ಯಾಹ್ನ ಬಂದು ಟೀಪಾಯಿಯ ಮೇಲೆ ಬಂದೂಕಿಟ್ಟು ಕೂರುತ್ತಿದ್ದ. ಅವನ ಬೆನ್ನ ಹಿಂದಿನ ಬಾಗಿಲಾಚೆ ಯೂಸುಫ್.

ಯೂಸುಫ್ ಕೆಮ್ಮಿದ ಆ ಮಧ್ಯಾಹ್ನ... ನಾನೂ ಜೋರಾಗಿ ಕೆಮ್ಮಿ ಮುಚ್ಚಲು ನೋಡಿದೆ. ಆಗಲಿಲ್ಲ. ಕ್ಯಾಪ್ಟನ್ ಎದ್ದ.

"ಒಳಗೆ ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಇವಳ ತಮ್ಮ. ಜ್ವರ," ಎಂದಿರಿ, ಬ್ರಶ್ ಕೆಳಗಿಡದೆ.

ಅವನ ಕೈ ಆಗಲೇ ಬಾಗಿಲ ಹಿಡಿಯ ಮೇಲಿತ್ತು. ನೀವು ಸ್ವರ ಏರಿಸಲಿಲ್ಲ. "ಕ್ಯಾಪ್ಟನ್, ನಾನೂ ಸೈನಿಕನಾಗಿದ್ದವನು. ಬಂದು ಕೂತುಕೊಳ್ಳಿ. ಇವತ್ತು ಕಣ್ಣು ಬರೆದು ಮುಗಿಸಬೇಕು."

ಅವನು ನಿಮ್ಮನ್ನೇ ನೋಡಿದ. ಬಂದು ಕೂತ. ಅವನಿಗೆ ಗೊತ್ತಾಗಿತ್ತೇ? ಗೊತ್ತಾಗಿಯೂ...

ಚಿತ್ರ ಒಯ್ದು ಅವನು ಪಾಸ್ ಕೊಟ್ಟ ದಿನ ನೀವು ನನ್ನದನ್ನು ನನ್ನ ಕೈಗಿತ್ತಿರಿ. "ನೀನು ಹೋಗು. ಮಕ್ಕಳು ಉಡುಪಿಯಲ್ಲಿ ಅಜ್ಜಿ ಹತ್ತಿರ ಎಷ್ಟು ಸಮಯ ಅಂತ ಇರುವುದು?"

"ನೀವು?"

"ಇವನನ್ನು ಒಳಗೆ ಹಾಕಿ ಬೀಗ ಹಾಕಿಕೊಂಡು ಹೋಗ್ಲಿಕ್ಕೆ ಆಗ್ತದಾ?"

ನಾನೂ ಹೋಗಲಿಲ್ಲ. ಮಕ್ಕಳ ಹೆಸರು ಹೇಳಿಕೊಂಡು ಬಾಂಬಿನ ಸದ್ದಿನಲ್ಲಿ ಚಳಿಗಾಲ ಕಳೆದೆ. ಯೂಸುಫ್ ಹೊರಗೆ ಕಾಲಿಟ್ಟಾಗ ಊರು ಬಿಡುಗಡೆಯಾಗಿತ್ತು, ಆದರೆ ಅಹ್ಮದಿಯ ಕಡೆ ಎಣ್ಣೆಬಾವಿಗಳು ಉರಿದು ಮಧ್ಯಾಹ್ನವೇ ಕತ್ತಲು. ಆ ಹೊಗೆ ನಿಮ್ಮ ಎದೆಯಲ್ಲಿ ಕೂತದ್ದು ಉಡುಪಿಗೆ ಬಂದಮೇಲೂ ಇಳಿಯಲಿಲ್ಲ. ಕೊನೆಗೆ ನಿಮ್ಮನ್ನೇ ಕೊಂಡುಹೋಯಿತು.

ಕಳೆದ ವಾರ ಯೂಸುಫ್ ನಮ್ಮ ಮನೆಗೆ ಬಂದಿದ್ದ. ಗಡ್ಡವೆಲ್ಲ ಬೆಳ್ಳಗಾಗಿದೆ. ನಿಮ್ಮ ಫೋಟೋದ ಮುಂದೆ ನಿಂತು, ನನ್ನನ್ನು ಅವರ ಅರಬ್ಬಿಯಲ್ಲಿ ಜ್ಯೋತಿಯ ಅಮ್ಮ ಎಂದು ಕರೆದು, ಹರಕು ಹಿಂದಿಯಲ್ಲಿ ಹೇಳಿದ: "ಉಮ್ ಜ್ಯೋತಿ, ನನ್ನ ಹತ್ತಿರ ಪಿಸ್ತೂಲ್ ಇತ್ತು. ನೀವು ಹೆದರ್ತೀರಿ ಅಂತ ಹೇಳಿರಲಿಲ್ಲ. ನಾನು ಕೆಮ್ಮಿದ ದಿನ ಬಾಗಿಲಿಗೇ ಗುರಿ ಹಿಡಿದು ಕೂತಿದ್ದೆ."

ಬಾಗಿಲು ತೆರೆದಿದ್ದರೆ ಕ್ಯಾಪ್ಟನ್ ಅಲ್ಲೇ ಬೀಳುತ್ತಿದ್ದ. ಕೆಳಗೆ ಜೀಪಿನಲ್ಲಿದ್ದ ಅವನ ಸೈನಿಕರು ನಮ್ಮನ್ನು ಬಿಡುತ್ತಿದ್ದರೇ? ಇದನ್ನೆಲ್ಲ ಜ್ಯೋತಿಗೆ ನಾನೇ ಹೇಳುತ್ತೇನೆ. ನೀವು ಮಾತ್ರ ಯೂಸುಫನೊಬ್ಬನನ್ನು ಉಳಿಸಿದೆ ಅಂದುಕೊಂಡೇ ಹೋದಿರಿ. ಆ ಕ್ಯಾಪ್ಟನ್ ಅವತ್ತು ಜೀವಂತ ಮೆಟ್ಟಿಲಿಳಿದು ಹೋದದ್ದೂ ನಿಮ್ಮಿಂದಲೇ.

ನಿಮ್ಮ
ಸುಮತಿ