ಏಳನೇ ಪುಟಕ್ಕೆ ಒಂದು ಸಾಲು

ಗಾಳಿಕಂಬದೂರು, ಕಪ್ಪತಗುಡ್ಡ
ಬೇಗೆ ಮಾಸದ ಒಂಬತ್ತು, 2151

ಹುಬ್ಬಳ್ಳಿಯ ರಾಚಪ್ಪಜ್ಜನವರಿಗೆ, ನಿಮ್ಮ ಮೊಮ್ಮಗನ ಮೊಮ್ಮಗಳು ನಿಂಬೆವ್ವ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಬೇಗೆ ಮಾಸ ನಮ್ಮ ಹದಿಮೂರನೆಯ ತಿಂಗಳು. ಆ ಬಿಸಿಲನ್ನು ಚೈತ್ರವೂ ತನ್ನದೆನ್ನಲಿಲ್ಲ, ವೈಶಾಖವೂ ತನ್ನದೆನ್ನಲಿಲ್ಲ. ಹಿರಿಯರು ನಡುವೆ ಒಂದು ತಿಂಗಳನ್ನೇ ತುರುಕಿದರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ನಿಮಗೆ ಹಿಂದಂಚೆಯಲ್ಲಿ ಬರುತ್ತದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಒಂದು ಮನೆತನಕ್ಕೆ ಒಂದು ತಲೆಮಾರಿನಲ್ಲಿ ಒಂದೇ ಕಾಗದ. ಕೆಲವರು ಅಜ್ಜ ಬಂಗಾರ ಎಲ್ಲಿ ಹೂತಿಟ್ಟಿದ್ದಾನೆಂದು ಕೇಳುತ್ತಾರೆ, ಕೆಲವರು ಹೊಲದ ಬದುವಿನ ಜಗಳ ಬಿಡಿಸಲು ಬರೆಯುತ್ತಾರೆ. ನಾನು ಕೇಳುವುದು ಒಂದೇ ಒಂದು ಸಾಲು. ನಿಮ್ಮ ನೋಟ್‌ಬುಕ್ಕಿನ ಏಳನೇ ಪುಟದಲ್ಲಿ ನೀವು ಒಂದು ಸಾಲು ಹೆಚ್ಚಿಗೆ ಬರೆಯಬೇಕು. ನನ್ನ ತಮ್ಮ ಯಮನೂರಪ್ಪನ ಜೀವ ಆ ಸಾಲಿನಲ್ಲಿದೆ.

ನಿಮ್ಮ ಗಾಡಿ ಇನ್ನೂ ಓಡುತ್ತಿದೆ. ನಂಬುತ್ತೀರೋ ಇಲ್ಲವೋ, ನಾವೂ ಕೆಲವು ದಿನ ನಂಬುವುದಿಲ್ಲ. ನಿಮ್ಮ ಕಾಲದಲ್ಲಿ ಕರೆಂಟು ಮಾಡುತ್ತಿದ್ದ ಗಾಳಿಕಂಬಗಳ ಹೊಟ್ಟೆಯೊಳಗೆ ನಾವು ಸಂಸಾರ ಹೂಡಿದ್ದೇವೆ. ಮನೆಗಳೆಲ್ಲ ಗುಂಡಗಿವೆ, ನಮ್ಮ ಹಾಸಿಗೆ, ಕಪಾಟು, ಒಲೆ, ಎಲ್ಲಕ್ಕೂ ಬೆನ್ನು ಬಾಗಿದೆ. ಹನ್ನೊಂದರಿಂದ ನಾಲ್ಕರ ತನಕ ಬಾಗಿಲಹೊತ್ತು. ಆಗ ಬಾಗಿಲು ತೆರೆಯುವವರು ಹುಚ್ಚರು ಅಥವಾ ಬೀಗರು. ಊರಿಗೆಲ್ಲ ಇರುವ ಯಂತ್ರದ ಗಾಡಿ ಅದೊಂದೇ. ಪೆಟ್ರೋಲ್ ಎಂಬುದನ್ನು ನಾವು ಕಂಡಿಲ್ಲ. ಜೋಳದ ದಂಟಿನಿಂದ ಇಳಿಸಿದ ಸಾರಾಯಿ ಕುಡಿಸಿ ಓಡಿಸುತ್ತೇವೆ, ಆದ್ದರಿಂದ ಅದರ ಹೆಸರೇ ಕುಡುಕ. ಹೆರಿಗೆಗೆ, ಹಾವು ಕಚ್ಚಿದವರಿಗೆ, ಬೇಗೆ ಬಡಿದ ಕೂಸುಗಳಿಗೆ, ಗುಡ್ಡ ಇಳಿದು ಮುಂಡರಗಿಯ ದವಾಖಾನೆ ಸೇರಲು ಕುಡುಕನೇ ಗತಿ. ಅದನ್ನು ಓಡಿಸುವವನು, ತಿಕ್ಕುವವನು, ಬೈಯುವವನು, ಎಲ್ಲ ಯಮನೂರಪ್ಪನೇ.

ಹೋದ ತಿಂಗಳು ಹನಮವ್ವ ಎಂಬ ಬಸುರಿಯನ್ನು ದವಾಖಾನೆಗೆ ತೋರಿಸಿ ಕರೆತರುವಾಗ ಮೂರನೇ ತಿರುವಿನಲ್ಲಿ ಗೇರ್ ಜಾರಿತು. ಎಂಜಿನ್ ಒಂದೇ ಸಮನೆ ಬೊಬ್ಬೆ ಹೊಡೆಯುತ್ತಿತ್ತು, ಗಾಡಿ ಮಾತ್ರ ಇದ್ದಲ್ಲೇ ಇತ್ತು. ಆರು ಜನ ನೂಕಿ ಮೇಲೆ ತಂದರು. ಅವಳ ದಿನ ತುಂಬಲು ಇನ್ನೂ ಮೂರು ವಾರ ಉಳಿದಿತ್ತು. ಅಂದು ನನ್ನ ತಮ್ಮ, ಗೇರಿನ ಎಣ್ಣೆ ಬದಲಿಸಿದರೆ ಕುಡುಕ ಮತ್ತೆ ಏರು ಹತ್ತುತ್ತದೆ ಎಂದು ಹೇಳಿ, ಡ್ಯಾಶ್‌ಬೋರ್ಡಿನ ಖಾನೆಯಿಂದ ನಿಮ್ಮ ನೋಟ್‌ಬುಕ್ ತೆಗೆದ. ‘ಮನೆಯಲ್ಲೇ ಗೇರ್ ಎಣ್ಣೆ ಬದಲಿಸಿದ ಬಗೆ, ಮುಂದೆ ಮಾಡುವವರಿಗೆ’ ಎಂದು ನೀವು ದುಂಡಗೆ ಬರೆದಿದ್ದಿರಿ. ಮುಂದೆ ಮಾಡುವವರು ನಾವೇ ಅಂದುಕೊಂಡೆವು.

ಊರ ಜನರನ್ನೆಲ್ಲ ಕೂಡಿಸಿ ಓದಿದೆವು, ಅಜ್ಜ. ಅಯ್ಯಯ್ಯೋ, ಎಂಥ ಕಾಲದಲ್ಲಿದ್ದಿರಿ ನೀವು! ರವಿವಾರ ಮುಂಜಾನೆ ಇಡ್ಲಿ ತಿಂದು, ಬೇಸರ ಕಳೆಯಲೆಂದು, ಇಪ್ಪತ್ತು ಕ್ವಿಂಟಲ್ ಕಬ್ಬಿಣದ ಕೆಳಗೆ ಹೋಗಿ ಮಲಗುತ್ತಿದ್ದಿರಾ? ನಿಮ್ಮ ಓಣಿಯಲ್ಲಿ ಹದಿನೇಳು ಗಾಡಿಗಳಿದ್ದವೆಂದು ಓದಿದಾಗ ಯಾರೂ ನಂಬಲಿಲ್ಲ. ಸುಳ್ಳು ಹೇಳುವ ಅಜ್ಜ ಎಂದು ನಕ್ಕರು. ಹಳೆಯ ಎಣ್ಣೆಯನ್ನು ಗಟಾರಕ್ಕೆ ಚೆಲ್ಲಿದೆ ಎಂಬ ಸಾಲು ಬಂದಾಗ ಹೆಂಗಸರು ಕೆನ್ನೆ ಬಡಿದುಕೊಂಡರು. ನಾವು ಆ ಗಟಾರಗಳ ನೀರನ್ನು ನಾಲ್ಕು ಸಲ ಸೋಸಿ ಕುಡಿಯುವವರು. ಆದರೂ ನಿಮ್ಮ ಮೇಲೆ ಪ್ರೀತಿ ಹುಟ್ಟಿತು ಎಂಬುದೂ ಖರೆ. ಮೊದಲು ತುಂಬುವ ಬಿರಡೆ ಬಿಚ್ಚು, ಆಮೇಲೆ ಬಸಿಯುವ ಬಿರಡೆ. ಉಲ್ಟಾ ಮಾಡಿ, ಆಮೇಲೆ ಮೇಲಿನದು ಬಿಚ್ಚಲು ಬರದಿದ್ದರೆ ಎಣ್ಣೆಯಿಲ್ಲದ ಗಾಡಿಯನ್ನು ಕಟ್ಟಿಕೊಂಡು ಕುಂಡ್ರು ಎಂದು ಬರೆದಿದ್ದಿರಿ. ಹಿಂದಿನ ಅಚ್ಚಿನ ಎಣ್ಣೆ ಬೇರೆ, ಗೇರಿನದು ಬೇರೆ, ಬೆರೆಸಬೇಡ. ಬಸಿದದ್ದನ್ನು ಅಳೆ, ಅಷ್ಟನ್ನೇ ತುಂಬು. ಇನ್ನು ಅಡುಗೆಮನೆಯ ಬೋಗುಣಿ ಮುಟ್ಟಬೇಡ ಎಂಬುದನ್ನಂತೂ ಮೂರು ಸಲ ಬರೆದು ಕೆಳಗೆ ಗೆರೆ ಎಳೆದಿದ್ದಿರಿ. ಅಜ್ಜಿ ಏನು ಮಾಡಿದಳೋ ಏನೋ, ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಗದಗಿನ ಮಿಸ್ತ್ರಿ ಮಕ್ತುಂಬಿ ತನ್ನ ಅಜ್ಜಿಯ ಕಾಲದಿಂದ ಮುಚ್ಚಿಟ್ಟಿದ್ದ ಕೆಂಪೆಣ್ಣೆಯ ಡಬ್ಬಿಗಳನ್ನು ಕೊಟ್ಟಳು. ಕೆಂಪೆಣ್ಣೆ ಎಂದರೆ ನಿಮ್ಮ ಗೇರ್ ಎಣ್ಣೆಯೇ; ಈಗ ಮಾಡುವವರು ಯಾರೂ ಇಲ್ಲ. ಬೇಗೆ ಮಾಸದ ಎರಡನೇ ದಿನ, ಸೂರ್ಯ ಹುಟ್ಟುತ್ತಲೇ ಕೆಲಸ ಹಿಡಿದೆವು. ಗಾಡಿ ಸಮನಾಗಿ ನಿಲ್ಲಬೇಕು ಎಂದು ನೀವು ಬರೆದಿದ್ದಿರಿ. ನಮ್ಮ ಗುಡ್ಡದಲ್ಲಿ ಸಮನೆಲ ಎಲ್ಲಿಂದ ತರುವುದು? ಯಮನೂರಪ್ಪ ಗಾಡಿಯ ಮೂತಿಯನ್ನು ಇಳುಕಲಿಗೆ ಮಾಡಿ ನಿಲ್ಲಿಸಿದ, ಜಾಕ್ ಹಚ್ಚಿ ಮುಂದಿನ ಎರಡು ಗಾಲಿಗಳನ್ನು ಎತ್ತಿದ, ಕೆಳಗೆ ಭಾರ ಹೊರುವ ಎರಡು ಕಬ್ಬಿಣದ ಸ್ಟ್ಯಾಂಡ್ ಕೊಟ್ಟ. ಒಳಗೆ ತಾಟಿನಲ್ಲಿ ನೀರು ಇಟ್ಟು ನೋಡಿದರೆ ಕೂದಲೆಳೆಯಷ್ಟೂ ಓರೆಯಿಲ್ಲ. ಅವನು ಹಿಗ್ಗಿಹೋದ. ಹಿಂದಿನ ಗಾಲಿಗಳಿಗೆ ಇಳುಕಲಿನ ಕಡೆಯಿಂದ ತಡೆಗಲ್ಲು ಕೊಟ್ಟೆವು. ಗುಡ್ಡದ ರೂಢಿ ಅದು: ಚಕ್ಕಡಿಯಾಗಲಿ, ನೀರಿನ ಬಂಡಿಯಾಗಲಿ, ಕಲ್ಲು ಇಳುಕಲಿನ ಕಡೆಗೆ ಮಾತ್ರ. ನಿಂತ ಗಾಡಿ ತಾನಾಗಿ ಏರು ಹತ್ತಿದ್ದನ್ನು ನಮ್ಮಲ್ಲಿ ಯಾರು ಕಂಡಿದ್ದಾರೆ?

ಹಳೆಯ ಎಣ್ಣೆ ಡಾಂಬರಿನಂತೆ ಇಳಿಯಿತು. ಹೊಸದನ್ನು ಅಳೆದು ತುಂಬಿದೆವು. ಆಮೇಲೆ ನಿಮ್ಮ ಏಳನೇ ಪುಟ. ‘ಎಂಜಿನ್ ಚಾಲೂ ಮಾಡು. ಬ್ರೇಕ್ ಒತ್ತಿ ಗೇರನ್ನು ಒಂದೊಂದೇ ಮನೆಗೆ ತಾ. ಬ್ರೇಕ್ ಬಿಟ್ಟು ಗಾಲಿ ತಿರುಗಲು ಬಿಡು. ಎಣ್ಣೆ ಎಲ್ಲ ಕಡೆ ಹರಿಯಲಿ.’ ಸೀಟಿನಲ್ಲಿ ಕುಳಿತವಳು ನಾನು, ಅಜ್ಜ. ಅವನು ಮತ್ತೆ ಕೆಳಗೆ ನುಸುಳಿದ. ಹೊರಗೆ ಬಾರೋ ಎಂದೆ. “ಹಾಕ ಅಕ್ಕಾ ನೀ, ಬಿರಡಿ ಜಿನಗತೈತೇನ ನೋಡ್ತೀನಿ” ಎಂದ. ಮುಂದಿನ ಗಾಲಿಗಳು ಗಾಳಿಯಲ್ಲಿವೆ, ಎತ್ತಿದ ಗಾಲಿ ಸುಮ್ಮನೆ ತಿರುಗುತ್ತದೆ, ಏನಾಗುವುದಿದೆ ಎಂದು ನಾನೂ ಸುಮ್ಮನಾದೆ. ನಿಲುಗಡೆಯ ಮನೆ ಬಿಟ್ಟರೆ ಮೊದಲು ಸಿಗುವುದು ಹಿಂದಕ್ಕೆ ಹೋಗುವ ಮನೆ. ಅಲ್ಲಿಗೆ ತಂದೆ. ಬ್ರೇಕ್ ಬಿಟ್ಟೆ.

ನೆಲದ ಮೇಲಿದ್ದ ಹಿಂದಿನ ಗಾಲಿಗಳು ಹಿಡಿದುಕೊಂಡವು. ಕುಡುಕ ಏರಿನ ಕಡೆಗೆ ಹಿಂದಕ್ಕೆ ಹಾರಿತು, ಎರಡು ಮಾರು. ಅಲ್ಲಿ ಕಲ್ಲಿರಲಿಲ್ಲ. ಸ್ಟ್ಯಾಂಡುಗಳು ಮಗುಚಿದವು, ಮೂತಿ ಧೊಪ್ಪೆಂದು ಕೆಳಗೆ ಬಿತ್ತು. ಗೇರ್ ಮುರಿಯಿತು ಎಂದುಕೊಂಡೆ ನಾನು! ದೇವರಾಣೆ, ಮೊದಲು ಬಂದ ವಿಚಾರ ಅದು, ಎಣ್ಣೆಯೆಲ್ಲ ಹಾಳಾಯಿತಲ್ಲ ಎಂದು. ಬಾಗಿಲು ತೆಗೆದು ನೋಡಿದರೆ ಅವನ ಎರಡು ಕಾಲು ಹೊರಗಿದ್ದವು, ಅಷ್ಟೇ. ಗಾಡಿ ಬಿದ್ದ ಸದ್ದಿಗೆ ಜನ ಓಡಿಬಂದರು. ಹದಿನಾಲ್ಕು ಜನ ಎತ್ತಿದರು.

ಅವನನ್ನು ಮುಂಡರಗಿಗೆ ಒಯ್ಯಲು ಇದ್ದ ಗಾಡಿಯೂ ಅದೇ. ಅವನ ಎದೆಯ ಮೇಲಿಂದ ಎತ್ತಿದ ಗಾಡಿಯಲ್ಲಿ ಅವನನ್ನೇ ಹಿಂದಿನ ಸೀಟಿಗೆ ಮಲಗಿಸಿ ನಾನು ಓಡಿಸಿದೆ. ಮುಂದಿನ ತಗಡು ಕಿತ್ತು ನೆಲಕ್ಕೆ ಉಜ್ಜುತ್ತಿತ್ತು, ಆದರೆ ಗೇರ್ ಒಂದು ಸಲವೂ ಜಾರಲಿಲ್ಲ. ಮೂರನೇ ತಿರುವು ದಾಟಿದ ಮೇಲೆ ಒಂದು ಏರು ಇದೆ. ಅಲ್ಲಿ ಅವನು ಕಣ್ಣು ಬಿಟ್ಟ. “ಅಕ್ಕಾ, ಹೆಂಗ ಏರಾಕತ್ತೈತಿ ನೋಡ. ನಾ ಹೇಳಿದ್ನಿಲ್ಲ?” ಎಂದ. ಹೂಂನಪ್ಪಾ, ಹೇಳಿದ್ದೆ ಎಂದೆ. ಆಮೇಲೆ ಅವನು ಮಾತಾಡಲಿಲ್ಲ. ದವಾಖಾನೆಯ ಬಾಗಿಲಲ್ಲಿ ಡಾಕ್ಟರು ಅವನ ಕೈ ಹಿಡಿದು ನೋಡಿ ನನ್ನ ಕಡೆ ತಿರುಗಿದರು. ಅವರು ಹೇಳುವ ಮೊದಲೇ ನನಗೆ ಗೊತ್ತಾಯಿತು. ಮೂವತ್ತೊಂದು ವರ್ಷದವನು, ಅಜ್ಜ. ತಾಯಿ ಸತ್ತಂದಿನಿಂದ ನನ್ನ ಸೊಂಟದ ಮೇಲೆ ಬೆಳೆದವನು.

ಮಣ್ಣಿಗೆ ಬಂದ ಮಕ್ತುಂಬಿ ಗಾಡಿಯ ಕೆಳಗೆ ಬಗ್ಗಿ ನೋಡಿ ತಲೆಯ ಮೇಲೆ ಕೈ ಹೊತ್ತು ಕುಳಿತಳು. “ಇದು ನಾಕೂ ಗಾಲಿ ಎಳ್ಯೂ ಗಾಡಿ, ನಿಂಬೆವ್ವಾ. ಎರಡ ಎತ್ತಿದ್ರ ಉಳದೆರಡ ಸುಮ್ನ ಕುಂದರ್ತಾವೇನ? ನಿಮ್ಮಜ್ಜ ಬರದಿರಲಿಲ್ಲೇನ?” ಎಂದಳು. ನಾನು ನೋಟ್‌ಬುಕ್ ತಂದು ಕೊಟ್ಟೆ. ಮೊದಲ ಪುಟದಿಂದ ಕೊನೆಯ ಪುಟದ ತನಕ ಇಬ್ಬರೂ ಬೆರಳಿಟ್ಟು ಹುಡುಕಿದೆವು. ಪಕ್ಕದ ಮನೆಯಿಂದ ಸ್ಟ್ಯಾಂಡ್ ತಂದು ಇಟ್ಟೆ ಎಂದು ಬರೆದಿದ್ದೀರಿ. ಎಷ್ಟು ಎಂದು ಬರೆದಿಲ್ಲ. ನೀವು ನಾಲ್ಕು ಇಟ್ಟಿರಲೇಬೇಕು, ಇಲ್ಲದಿದ್ದರೆ ನೋಟ್‌ಬುಕ್ ಬರೆಯಲು ಉಳಿಯುತ್ತಿರಲಿಲ್ಲ. ನಿಮ್ಮ ಓಣಿಯ ಕೂಸಿಗೂ ಅದು ಗೊತ್ತಿತ್ತೇನೋ, ಆದ್ದರಿಂದ ಬರೆಯುವುದು ನಿಮಗೆ ಹೊಳೆಯಲೇ ಇಲ್ಲ. ಬೋಗುಣಿಯ ಮಾತು ಮೂರು ಸಲ ಬರೆದ ಕೈ, ಅಜ್ಜ, ಜೀವದ ಮಾತನ್ನು ಒಂದು ಸಲ ಬರೆಯಲಿಲ್ಲವಲ್ಲ! ಸಿಟ್ಟಿನಿಂದ ನಿಮ್ಮ ನೋಟ್‌ಬುಕ್ಕನ್ನು ಒಲೆಗೆ ಹಾಕಲು ಹೋದೆ. ಮಕ್ತುಂಬಿ ಕಸಿದುಕೊಂಡಳು. ಬ್ರೇಕ್ ಬಿಟ್ಟ ಕಾಲು ನನ್ನದು. ಅದನ್ನು ಯಾವ ಒಲೆಗೆ ಹಾಕಲಿ?

ನೀವು ನೋಟ್‌ಬುಕ್ ಬರೆಯುವ ದಿನಕ್ಕೇ ಈ ಕಾಗದ ಕಳಿಸುತ್ತಿದ್ದೇನೆ. ಈಗ ನಿಮ್ಮ ಕೈಯಲ್ಲಿ ಪೆನ್ನು ಇದೆ, ಅಂಗೈಗೆ ಇನ್ನೂ ಎಣ್ಣೆ ಅಂಟಿರಬಹುದು, ಅಜ್ಜಿ ಊಟಕ್ಕೆ ಕರೆಯುತ್ತಿರಬಹುದು. ಒಂದು ಗಳಿಗೆ ತಡೆಯಿರಿ. ಏಳನೇ ಪುಟದಲ್ಲಿ, ಎಂಜಿನ್ ಚಾಲೂ ಮಾಡು ಎಂಬುದರ ಮೇಲೆ ಹೀಗೆ ಬರೆಯಿರಿ: ‘ನಾಲ್ಕೂ ಗಾಲಿ ನೆಲ ಬಿಟ್ಟಿರಲಿ. ಗೇರ್ ಹಾಕುವಾಗ ಗಾಡಿಯ ಕೆಳಗೆ ಯಾರೂ ಇರಬಾರದು.’ ಎಲ್ಲರಿಗೂ ಗೊತ್ತಿರುವುದನ್ನು ಏನು ಬರೆಯುವುದು ಎಂದು ನಾಚಬೇಡಿ. ನಮಗೆ ಗೊತ್ತಿರಲಿಲ್ಲ.

ಹಿಂದಂಚೆಯವನನ್ನು ಕೇಳಿದೆ, ಅಜ್ಜ ಬರೆದನೆಂದು ನನಗೆ ಹೇಗೆ ತಿಳಿಯಬೇಕು ಎಂದು. ಅವನು ಲಕೋಟೆ ಅಂಟಿಸುತ್ತ ಹೇಳಿದ: “ಅಂವಾ ಬರದನಂದ್ರ ನಿನ್ನ ತಮ್ಮ ಸತ್ತಿರೂದಿಲ್ಲ ಯವ್ವಾ. ಈ ಕಾಗದ ಬರದದ್ದೂ ನಿನಗ ನೆನಪಿರೂದಿಲ್ಲ.” ಹಾಗಾದರೆ ಬೇಗ ಬರೆಯಿರಿ, ಅಜ್ಜ. ನನಗೆ ಇನ್ನೂ ಎಲ್ಲ ನೆನಪಿದೆ.

ನಿಮ್ಮ
ನಿಂಬೆವ್ವ