ನಕಾಶೆಯಲ್ಲಿ ಒಂದು ತೋಳಿನುದ್ದ

ಅಕ್ಕಾ,

ನಿನ್ನೆ ಗೋಡೆಯ ನಕಾಶೆಯಲ್ಲಿ ಈ ಊರಿಂದ ನಾನು ಹೋಗುವ ಊರಿಗೆ ಹೊಲಿಗೆ ಟೇಪು ಹಿಡಿದು, "ಇಷ್ಟೇನಾ? ಒಂದು ಅಂಗಿ ತೋಳಿನುದ್ದ ಕಣೇ" ಅಂದೆಯಲ್ಲ, ಆ ತೋಳು ದಾಟಲು ವಿಮಾನಕ್ಕೆ ಹದಿನಾಲ್ಕು ಗಂಟೆ ಬೇಕು. ನಡುವೆ ಇನ್ನೊಂದು ಊರಲ್ಲಿ ಐದು ಗಂಟೆ ಕಾಯುವುದಿದೆ. ಹಾರುವ ಹೊತ್ತನ್ನಷ್ಟೇ ಎಣಿಸಿ, ಫೋನ್ ಬರಲಿಲ್ಲವೆಂದು ಅಳುತ್ತ ಕೂರಬೇಡ.

ಹಾಲು ಕಾಯಿಸಿಟ್ಟಿದ್ದೇನೆ. ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹೊಲಿಯುವುದು ಬಾಕಿ ಇದೆ; ಮೇಷ್ಟರ ಬಾಯಿಗೆ ಬೀಳಬೇಡ. ಒಬ್ಬಳಿಗೇ ಏನು ಅಡುಗೆ ಅಂತ ಬರೀ ನೀರು ಕುಡಿದು ಮಲಗಿದರೆ ನೋಡು! ನಾನೂ ಅಲ್ಲಿ ಒಬ್ಬಳಿಗೇ ಬೇಯಿಸಿಕೊಳ್ಳಬೇಕು.

ಎಬ್ಬಿಸದೆ ಹೊರಟೆನೆಂದು ಕೋಪ ಬೇಡ. ನೀನು ಬಾಗಿಲವರೆಗೆ ಬಂದು "ಹುಷಾರು ಕಣೇ" ಅಂದಿದ್ದರೆ ನಾನು ಪೆಟ್ಟಿಗೆ ಕೆಳಗಿಟ್ಟುಬಿಡುತ್ತಿದ್ದೆ. ಎರಡು ವರ್ಷದ ಆ ನರ್ಸ್ ಕೆಲಸ ಬೇರೆ ಯಾರದೋ ಪಾಲಾಗುತ್ತಿತ್ತು, ನನಗೆ ಬೇಜಾರೂ ಆಗುತ್ತಿರಲಿಲ್ಲ.

ನಿನ್ನ ಗುಬ್ಬಿ