ಅಣ್ಣನ ಬೂಟು

ಆಗಸ್ಟ್ 3, ಶನಿವಾರ. ವೆಸ್ಟ್ ವರ್ಜೀನಿಯ, ಸಂಗೀತ ಹಬ್ಬದ ಮೈದಾನ, ನನ್ನ ಡೇರೆ.

ಕಿವಿಯೊಳಗೆ ಇನ್ನೂ ಅದೇ ಹಾಡು ಸುತ್ತುತ್ತಿದೆ. ಅದರ ಜೊತೆಗೇ ಆ ನಾಚಿಕೆಯೂ.

ಅಮ್ಮನನ್ನು ಮಣ್ಣು ಮಾಡಿದ ದಿನ ಅವಳ ಬ್ಯಾಂಜೊ ವಾದ್ಯವನ್ನು ನಾನು ಹೇಳದೆ ಕೇಳದೆ ಎತ್ತಿಕೊಂಡು ಬಂದೆನೆಂದು ವರ್ಲಿನ್ ಅಣ್ಣ ಮಾತು ಬಿಟ್ಟು ಎರಡು ವರ್ಷ. ಇವತ್ತು ಮಧ್ಯಾಹ್ನ ಓಕ್ ಮರದಡಿ ಎಲ್ಲರೂ ಸುತ್ತ ಕೂತು ನುಡಿಸುತ್ತಿದ್ದರು. ಖಾಲಿ ಇದ್ದದ್ದು ಅವನೆದುರಿನ ಕುರ್ಚಿ ಒಂದೇ. ಕೂತೆ. ಅವನು ನನ್ನ ಮುಖ ನೋಡಲಿಲ್ಲ. ಪಿಟೀಲೆತ್ತಿ ಅಮ್ಮನ ಹಾಡನ್ನೇ ಶುರುಮಾಡಿದ.

ಅದೇ ಹಾಡು, ಇಪ್ಪತ್ತು ಸುತ್ತೋ ಮೂವತ್ತೋ. ಬಿಸಿಲು, ಹುಲ್ಲಿನ ವಾಸನೆ. ಅಮ್ಮ ಒಲೆಯ ಮುಂದೆ ನಿಂತು ಗುನುಗುತ್ತಿದ್ದಾಳೆ ಅನ್ನಿಸಿ ಕಣ್ಣು ಮುಚ್ಚಿದೆ. ಅದೇ ತಪ್ಪು. ಹಾಡು ಶುರುಮಾಡಿದವನು ಬೂಟುಗಾಲು ಮುಂದೆ ಚಾಚಿದರೆ ಅದೇ ಕೊನೆಯ ಸುತ್ತು; ಎಲ್ಲರ ಕಣ್ಣೂ ಆ ಬೂಟಿನ ಮೇಲಿರಬೇಕು. ಅಣ್ಣ ಕಾಲು ಚಾಚಿದ್ದು ನನಗೆ ಕಾಣಲೇ ಇಲ್ಲ. ಎಲ್ಲರೂ ನಿಲ್ಲಿಸಿದರು. ನನ್ನ ಬ್ಯಾಂಜೊ ಒಂದೇ ಹೋಗುತ್ತಾ ಇತ್ತು.

"ಏ ಓಪಲ್, ನಿದ್ದೆ ಹೊಡೀತಿದೀಯೇನೇ?" ಅಂದ ಪಕ್ಕದ ಹೋಬರ್ಟ್ ಮುದುಕ. ನಗುವೋ ನಗು. ನಾನು ತಂತಿಯ ಮೇಲೆ ಅಂಗೈ ಒತ್ತಲು ಹೊರಟೆ.

"ನಿಲ್ಲಿಸ್ಬೇಡ ಕಣೇ," ಅಂದ ಅಣ್ಣ. "ಅಮ್ಮನೂ ಹಂಗೇ. ಯಾರ ಬೂಟೂ ನೋಡ್ತಿರ್ಲಿಲ್ಲ."

ಚಾಚಿದ್ದ ಕಾಲನ್ನು ಮತ್ತೆ ನೆಲಕ್ಕೂರಿ ಪಿಟೀಲೆತ್ತಿದ. ಆಮೇಲೆ ಎಷ್ಟು ಸುತ್ತಾಯಿತೋ ಲೆಕ್ಕವಿಲ್ಲ.

ಬ್ಯಾಂಜೊ ಈಗ ಅವನ ಡೇರೆಯಲ್ಲಿದೆ. ನಾನೇ ಇಟ್ಟು ಬಂದೆ. ನಾಳೆ ನುಡಿಸಬೇಕಾದರೆ ಹೋಗಿ ತರಬೇಕು. ಈ ಸಲ ಕೇಳಿಯೇ.